ಹೊರಡುವ ಮೊದಲು ಮರಳುವ ಮಾತು

ವಿದೇಶಕ್ಕೆ ಒಬ್ಬಂಟಿಯಾಗಿ ಹೊರಡುವವರ ಸಿದ್ಧತೆಯನ್ನು ಟಿಕೆಟ್ಟು, ಪೆಟ್ಟಿಗೆ, ಬಟ್ಟೆಬರೆಗಳ ಲೆಕ್ಕವಾಗಿ ನೋಡುವುದು ರೂಢಿಯಾಗಿದ್ದರೂ, 1980ರ ದಶಕದಲ್ಲಿ ಕರ್ನಾಟಕದ ಸಣ್ಣ ಊರುಗಳಿಂದ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದವರ ನೆನಪುಗಳನ್ನು ನಿಧಾನವಾಗಿ ಪರಿಶೀಲಿಸಿದರೆ ಆ ಸಿದ್ಧತೆಯ ತಿರುಳು ಬೇರೆಯೇ ಇತ್ತೆಂಬುದು ತಿಳಿಯುತ್ತದೆ. ಹೊರಡುವವರನ್ನು ಆಗ ಮೂವರು ಸಂಶಯದಿಂದ ನೋಡುತ್ತಿದ್ದರು: ವಿದೇಶಿ ವಿನಿಮಯದ ಕೊರತೆಯಲ್ಲಿದ್ದ ಭಾರತ ಸರ್ಕಾರ, ಬಂದವರು ನೆಲೆಯೂರಿಬಿಟ್ಟಾರೆಂದು ಶಂಕಿಸುವ ಅಮೆರಿಕದ ದೂತಾವಾಸ, ಮತ್ತು ಮಗಳೋ ಮಗನೋ ಕೈತಪ್ಪಿ ಹೋಗಬಹುದೆಂದು ಅಂಜುವ ಮನೆ. ಈ ಮೂರೂ ಕಡೆ ಕೇಳುತ್ತಿದ್ದುದು ಒಂದೇ ಭರವಸೆಯನ್ನು, ಅಂದರೆ ಮರಳಿ ಬರುವ ಭರವಸೆಯನ್ನು. ಆದ್ದರಿಂದ ಹೊರಡುವ ಸಿದ್ಧತೆಯೆಂದರೆ ಬಹುಮಟ್ಟಿಗೆ ಮರಳುವ ಮಾತನ್ನು ಮೂರು ಬೇರೆ ಬೇರೆ ಭಾಷೆಗಳಲ್ಲಿ, ಮೂರು ಬೇರೆ ಬೇರೆ ಸಾಕ್ಷಿಗಳ ಮುಂದೆ ಕೊಡುವ ಕೆಲಸವಾಗಿತ್ತು. 1987ರ ಶ್ರಾವಣದಲ್ಲಿ ಧಾರವಾಡದಿಂದ ಹೊರಟ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿದ್ದ ಒಬ್ಬ ವಿದ್ಯಾರ್ಥಿನಿಯ ಅನುಭವವೇ ಇಲ್ಲಿನ ಆಧಾರ. ಆ ವಿದ್ಯಾರ್ಥಿನಿಯೇ ಈ ಬರಹದ ಲೇಖಕಿಯಾಗಿದ್ದರೂ, ಆಕೆಯ ಅನುಭವದಲ್ಲಿ ಆ ಕಾಲದ ಅನೇಕರದೂ ಸೇರಿರುವುದರಿಂದ ಅದನ್ನು ಒಬ್ಬಳ ಆತ್ಮಕಥೆಯಾಗಿ ಅಲ್ಲದೆ ಒಂದು ಕಾಲದ ನಡಾವಳಿಯಾಗಿ ನೋಡುವುದು ಸೂಕ್ತ.

ಹೊರಡುವವರಿಂದ ಮಾತು ಪಡೆಯುವ ಪದ್ಧತಿ ಸ್ವತಂತ್ರ ಭಾರತದ ಕಚೇರಿಗಳು ಹುಟ್ಟುಹಾಕಿದ್ದಲ್ಲ. ಸಮುದ್ರೋಲ್ಲಂಘನ, ಅಂದರೆ ಕಡಲು ದಾಟಿ ಹೋಗುವುದು, ಹತ್ತೊಂಬತ್ತನೆಯ ಶತಮಾನದ ಮೇಲುಜಾತಿಯ ಹಿಂದೂ ಸಮಾಜದಲ್ಲಿ ದೋಷವೆನಿಸಿಕೊಂಡಿತ್ತು; ಹೋದವರು ಮರಳಿದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. 1883ರ ಏಪ್ರಿಲ್‌ನಲ್ಲಿ ಪತಿಯ ಜೊತೆಯಿಲ್ಲದೆ ಕಲ್ಕತ್ತೆಯಿಂದ ಹಡಗೇರಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದ ಆನಂದಿಬಾಯಿ ಜೋಶಿ ಅವರು ಹೊರಡುವ ಮುನ್ನ ಸೆರಾಂಪುರದಲ್ಲಿ ಸಾರ್ವಜನಿಕ ಭಾಷಣ ಮಾಡಿ ತಮ್ಮ ಪ್ರಯಾಣದ ಕಾರಣಗಳನ್ನು ವಿವರಿಸಬೇಕಾಯಿತು, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುವುದಾಗಿ ಹೇಳಬೇಕಾಯಿತು. 1888ರ ಸೆಪ್ಟೆಂಬರ್ 4ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟ ಹದಿಹರೆಯದ ಗಾಂಧಿಯವರು ತಾಯಿಯ ಸಮಾಧಾನಕ್ಕಾಗಿ ಜೈನ ಸಾಧುವೊಬ್ಬರ ಎದುರು ಮದ್ಯ, ಮಾಂಸ ಮತ್ತು ಪರಸ್ತ್ರೀಯರಿಂದ ದೂರವಿರುವ ಪ್ರತಿಜ್ಞೆ ಮಾಡಿದ್ದರು; ಆದರೂ ಅವರ ಜಾತಿಯ ಪಂಚಾಯಿತಿ ಅವರಿಗೆ ಬಹಿಷ್ಕಾರ ಹಾಕಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ ಅವರು 1940ರ ದಶಕದ ಕೊನೆಯಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಗೆ ಮರಳಿದರು. ಜಾತಿ ಕೇಳುತ್ತಿದ್ದ ಆಣೆಯ ಜಾಗದಲ್ಲಿ ಕಾಲಕ್ರಮೇಣ ಸರ್ಕಾರದ ಕರಾರುಪತ್ರ ಬಂತೇ ಹೊರತು, ಹೋಗುವವರ ಮೇಲಿನ ಹಿಡಿತವನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ.

ಈ ಹಿಡಿತವನ್ನು ಕಾನೂನು ಸಡಿಲಿಸಿದ್ದು ತೀರ ತಡವಾಗಿ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಅಥವಾ ನಿರಾಕರಿಸುವುದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿ ರಕ್ಷಿಸುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ತೀರ್ಪು ನೀಡಿತು. ಕಾನೂನಿನ ಬೆಂಬಲವಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲವೆಂದು ಇದರಿಂದ ಖಚಿತವಾದ ಕಾರಣ ಅದೇ ವರ್ಷ ಪಾಸ್‌ಪೋರ್ಟ್ ಅಧಿನಿಯಮವನ್ನು ಜಾರಿಗೆ ತರಬೇಕಾಯಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಹಕ್ಕನ್ನು ಮೊಟಕುಗೊಳಿಸುವ ವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಹೇಳಿತು. ಆದರೆ ಹಕ್ಕು ನ್ಯಾಯಾಲಯದಲ್ಲಿ ಸಿಕ್ಕಿದ್ದರೂ ಅದು ಕೈಗೆ ಬರಬೇಕಾದುದು ಗುಮಾಸ್ತರ ಮೇಜನ್ನು ದಾಟಿಯೇ. ಧಾರವಾಡದವರು ಪಾಸ್‌ಪೋರ್ಟಿಗಾಗಿ ಬೆಂಗಳೂರಿನ ಕಚೇರಿಗೆ ಅರ್ಜಿ ಕಳಿಸಿ, ಗೆಜೆಟೆಡ್ ಅಧಿಕಾರಿಯ ದೃಢೀಕರಣಕ್ಕಾಗಿ ಪರಿಚಿತರನ್ನು ಹುಡುಕಿ, ಪೊಲೀಸ್ ವಿಚಾರಣೆಗೆ ಕಾದು ಕೂರಬೇಕಿತ್ತು. ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಪ್ರಮಾಣ. ಕೈಬರಹದಲ್ಲಿ ತುಂಬಿ, ಫೋಟೊ ಅಂಟಿಸಿ ಮೊಹರು ಒತ್ತಿದ ಆ ಪುಸ್ತಿಕೆಯಲ್ಲಿ ‘ವಲಸೆ ತಪಾಸಣೆ ಅಗತ್ಯವಿಲ್ಲ’ ಎಂಬ ಮುದ್ರೆ ಬೀಳುವುದು ಮುಖ್ಯವಾಗಿತ್ತು. 1983ರ ವಲಸೆ ಅಧಿನಿಯಮದ ಪ್ರಕಾರ, ಕೂಲಿ ಕೆಲಸಕ್ಕೆ ಹೊರದೇಶಕ್ಕೆ ಹೋಗುವವರು ದಲ್ಲಾಳಿಗಳಿಂದ ಮೋಸ ಹೋಗದಿರಲೆಂದು ಹೊರಡುವ ಮುನ್ನ ಅವರ ಕರಾರುಗಳನ್ನು ಸರ್ಕಾರ ಪರಿಶೀಲಿಸುತ್ತಿತ್ತು. ಪದವೀಧರರಿಗೆ ಇದರಿಂದ ವಿನಾಯಿತಿ ಇತ್ತು. ಲೇಖಕಿಯ ಮನೆಗೆ ವಿಚಾರಣೆಗೆಂದು ಬಂದ ಪೇದೆ ಚಹಾ ಕುಡಿದು ಕೇಳಿದ್ದು ಅಪರಾಧಗಳ ಬಗ್ಗೆ ಅಲ್ಲ. ಮದುವೆ ಮಾಡದೆ ಯಾಕೆ ಕಳಿಸುತ್ತೀರಿ ಎಂಬುದು ಆತನ ಪ್ರಶ್ನೆಯಾಗಿತ್ತು, ಮತ್ತು ಆ ಪ್ರಶ್ನೆಯನ್ನು ಓಣಿಯಲ್ಲಿ ಆಗಲೇ ಹಲವರು ಕೇಳಿಯಾಗಿತ್ತು.

ಪಾಸ್‌ಪೋರ್ಟಿಗೂ ಮೊದಲಿನ ಹಂತವೆಂದರೆ ಪ್ರವೇಶ ಪಡೆಯುವುದು. ಅಮೆರಿಕದ ಸ್ನಾತಕೋತ್ತರ ವಿಭಾಗಗಳು ಹದಿನಾರು ವರ್ಷದ ಶಿಕ್ಷಣವನ್ನು ಕೇಳುತ್ತಿದ್ದುದರಿಂದ, ಮೂರು ವರ್ಷದ ಬಿ.ಎಸ್ಸಿ. ಮಾತ್ರ ಓದಿದವರಿಗೆ ದಾರಿ ಕಷ್ಟವಿತ್ತು, ಎಂ.ಎಸ್ಸಿ. ಮುಗಿಸಿದವರಿಗೆ ಆ ತೊಡಕು ಇರಲಿಲ್ಲ. ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ಪರೀಕ್ಷಾ ಸಂಸ್ಥೆಯೊಂದು ನಡೆಸುತ್ತಿದ್ದ ಜಿಆರ್‌ಇ ಎಂಬ ಸಾಮರ್ಥ್ಯ ಪರೀಕ್ಷೆ ಮತ್ತು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಳನ್ನು ಬರೆಯಬೇಕಿತ್ತು. ಅವುಗಳಿಗೆ ಬೇಕಾದ ಪುಸ್ತಕಗಳು ಧಾರವಾಡದ ಅಂಗಡಿಗಳಲ್ಲಿ ಸಿಗದೆ, ಹಿಂದಿನ ವರ್ಷ ಹೋದವರು ಬಿಟ್ಟುಹೋದ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದ ಪ್ರತಿಗಳು ಕೈಯಿಂದ ಕೈಗೆ ಬರುತ್ತಿದ್ದವು. ಅರ್ಜಿಯ ಶುಲ್ಕವನ್ನು ಡಾಲರಿನಲ್ಲಿ ಕಟ್ಟುವುದು ಎಲ್ಲರಿಗೂ ಸಾಧ್ಯವಿರದಿದ್ದ ಕಾರಣ, ಶುಲ್ಕ ಮನ್ನಾ ಮಾಡಬೇಕೆಂದು ಪ್ರಾಧ್ಯಾಪಕರಿಗೆ ವಿನಯದ ಪತ್ರ ಬರೆಯುವುದು ಒಂದು ಕಲೆಯಾಗಿಯೇ ಬೆಳೆದಿತ್ತು. ಹಗುರವಾದ ನೀಲಿ ಕಾಗದವನ್ನೇ ಮಡಚಿ ಲಕೋಟೆ ಮಾಡುವ ಏರೋಗ್ರಾಮಿನಲ್ಲಿ ಹೋದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಋತುವೇ ಬದಲಾಗಿರುತ್ತಿತ್ತು. ಕೊನೆಗೆ ಬಂದ ದಪ್ಪ ಲಕೋಟೆಯಲ್ಲಿ ಪ್ರವೇಶಪತ್ರದೊಡನೆ ಬೋಧನಾ ಸಹಾಯಕಿಯ ಹುದ್ದೆಯ ಮಂಜೂರಾತಿಯೂ ಇತ್ತು. ಈ ಹುದ್ದೆಯೆಂದರೆ, ವಾರಕ್ಕೆ ಇಪ್ಪತ್ತು ಗಂಟೆ ಪದವಿ ತರಗತಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಅದಕ್ಕೆ ಪ್ರತಿಯಾಗಿ ಬೋಧನಾಶುಲ್ಕದ ವಿನಾಯಿತಿ ಮತ್ತು ತಿಂಗಳ ಖರ್ಚಿಗೆ ಹಣ ಪಡೆಯುವ ವ್ಯವಸ್ಥೆ. ಧಾರವಾಡದಂಥ ಊರಿನ ಮಧ್ಯಮ ವರ್ಗದ ಮನೆಯವರಿಗೆ ಅಮೆರಿಕದ ಬಾಗಿಲು ತೆರೆದದ್ದು ಹೆಚ್ಚಾಗಿ ಇದರಿಂದಲೇ.

ಹಾಗಿದ್ದರೂ ಟಿಕೆಟ್ಟಿಗೆ ಮತ್ತು ಮೊದಲ ಸಂಬಳ ಕೈಗೆ ಬರುವವರೆಗಿನ ವೆಚ್ಚಕ್ಕೆ ಹಣ ಬೇಕಿತ್ತು, ಇಲ್ಲಿಂದ ಮೊದಲನೆಯ ಭರವಸೆಯ ಪ್ರಕರಣ ಆರಂಭವಾಗುತ್ತದೆ. ಆಗ ಡಾಲರಿಗೆ ಹದಿಮೂರು ರೂಪಾಯಿ ಆಸುಪಾಸಿನ ಬೆಲೆಯಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ಒಂದು ಡಾಲರನ್ನೂ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಅದಕ್ಕಿಂತ ಹಿಂದೆ, 1960ರ ದಶಕದಲ್ಲಿ ಹೋದವರು ಕಿಸೆಯಲ್ಲಿ ಎಂಟೇ ಡಾಲರ್ ಇಟ್ಟುಕೊಂಡು ನ್ಯೂಯಾರ್ಕಿನಲ್ಲಿ ಇಳಿದ ಕಥೆ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. 1987ರ ವೇಳೆಗೆ ನಿಯಮಗಳು ಸಡಿಲಗೊಂಡಿದ್ದರೂ, ಬ್ಯಾಂಕು ಕೊಟ್ಟ ಪ್ರತಿ ಡಾಲರನ್ನೂ ಪಾಸ್‌ಪೋರ್ಟಿನ ಕೊನೆಯ ಹಾಳೆಗಳಲ್ಲಿ ಬರೆದು ಸಹಿ ಹಾಕುತ್ತಿದ್ದರು. ಹಣದ ಬಹುಭಾಗ ಟ್ರಾವೆಲರ್ಸ್ ಚೆಕ್ಕುಗಳ ರೂಪದಲ್ಲಿರುತ್ತಿತ್ತು. ಕೊಳ್ಳುವಾಗ ಒಮ್ಮೆ, ನಗದೀಕರಿಸುವಾಗ ಇನ್ನೊಮ್ಮೆ ಸಹಿ ಮಾಡಿ, ಎರಡೂ ತಾಳೆಯಾದರೆ ಮಾತ್ರ ಚೆಲಾವಣೆಯಾಗುವ ಈ ಚೆಕ್ಕುಗಳು ಕಳೆದುಹೋದರೂ ಮರಳಿ ಸಿಗುತ್ತಿದ್ದವು. ಮಗಳ ಸಹಿ ಒಂದೇ ತೆರನಾಗಿ ಬೀಳಬೇಕೆಂದು ಲೇಖಕಿಯ ತಂದೆ ಹಳೆಯ ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಆಕೆಯಿಂದ ಸಹಿಯ ಅಭ್ಯಾಸ ಮಾಡಿಸಿದ್ದರು.

ಸಾಲದ ವಿಷಯ ಇದಕ್ಕಿಂತ ಗಂಭೀರ. 1892ರಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಸ್ಥಾಪಿಸಿದ ದತ್ತಿಯಿಂದ ಹಿಡಿದು ಜಾತಿಸಂಘಗಳ ಸಣ್ಣ ನಿಧಿಗಳವರೆಗೆ, ವಿದೇಶ ವ್ಯಾಸಂಗಕ್ಕೆ ನೆರವಾಗುವ ಸಂಸ್ಥೆಗಳು ಕೊಡುತ್ತಿದ್ದುದು ಹೆಚ್ಚಾಗಿ ಸಾಲರೂಪದ ವಿದ್ಯಾರ್ಥಿವೇತನವನ್ನು, ಅಂದರೆ ಓದು ಮುಗಿದ ಮೇಲೆ ಕಂತಿನಲ್ಲಿ ಹಿಂತಿರುಗಿಸಬೇಕಾದ ಹಣವನ್ನು. ಇಂದಿನ ಮಾದರಿಯ ಶಿಕ್ಷಣ ಸಾಲದ ಯೋಜನೆ ದೇಶದ ಬ್ಯಾಂಕುಗಳಲ್ಲಿ ರೂಪುಗೊಂಡದ್ದು 2001ರಲ್ಲಿ. ಅದಕ್ಕೆ ಮುನ್ನ ಮನೆಯ ಕಾಗದಪತ್ರ, ಹೊಲದ ಉತಾರ, ಒಡವೆಗಳೇ ಆಧಾರ. ಉತಾರವೆಂದರೆ ಜಮೀನು ಯಾರ ಹೆಸರಿನಲ್ಲಿದೆ, ಅದರಲ್ಲಿ ಏನು ಬೆಳೆದಿದೆ ಎಂಬುದನ್ನು ತೋರಿಸುವ ಕಂದಾಯ ದಾಖಲೆ, ದಕ್ಷಿಣ ಕರ್ನಾಟಕದವರು ಪಹಣಿ ಎನ್ನುವುದು ಇದನ್ನೇ. ಲೇಖಕಿಗಾಗಿ ಸೋದರಮಾವ ತಮ್ಮ ಎರೆಹೊಲದ ಉತಾರವನ್ನು ತಂದಿಟ್ಟು ಜಾಮೀನುದಾರರಾದರು. ಛಾಪಾ ಕಾಗದದ ಮೇಲೆ ಆಕೆ ಓದು ಮುಗಿಸಿ ಮರಳಿ ಸಾಲ ತೀರಿಸುವುದಾಗಿ, ತಪ್ಪಿದರೆ ತಾವು ಹೊಣೆಯೆಂದು ಸಹಿ ಮಾಡಿದರು. ಅವರ ಸ್ವಂತ ಮಕ್ಕಳ ಓದಿಗೆ ಅದೇ ಹೊಲ ಆಧಾರವಾಗಬಹುದಿತ್ತೆಂಬುದನ್ನು ಆ ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬಂಟಿ ಪ್ರಯಾಣವೆಂದು ಕರೆಸಿಕೊಳ್ಳುವ ಪ್ರಯಾಣದ ಹಿಂದೆ ಇಂಥ ಹಲವರ ಆಸ್ತಿ, ಸಹಿ ಮತ್ತು ಮೌನ ಇರುತ್ತಿತ್ತೆಂಬುದನ್ನು ಮರೆತರೆ ಆ ಕಾಲದ ವಲಸೆಯ ಚಿತ್ರ ಅರ್ಧವಾಗುತ್ತದೆ.

ಎರಡನೆಯ ಭರವಸೆಯನ್ನು ಕೊಡಬೇಕಾದುದು ಮದರಾಸಿನಲ್ಲಿ. ಧಾರವಾಡಕ್ಕೆ ವ್ಯಾಪಾರ, ಸಂಗೀತ, ನಾಟಕಗಳ ನಂಟು ಇದ್ದುದು ಪುಣೆ-ಬೊಂಬಾಯಿಗಳೊಡನೆಯಾದರೂ, ಅಮೆರಿಕದ ವೀಸಾ ಮಟ್ಟಿಗೆ ಕರ್ನಾಟಕವಿಡೀ ಮದರಾಸಿನ ದೂತಾವಾಸದ ವ್ಯಾಪ್ತಿಗೆ ಸೇರಿತ್ತು. ಹೀಗಾಗಿ ವಾಯವ್ಯಕ್ಕೆ ಹೋಗಿ ವಿಮಾನ ಹತ್ತಬೇಕಾದವರು ಮೊದಲು ಆಗ್ನೇಯಕ್ಕೆ ಹೋಗಿ ಅಪ್ಪಣೆ ತರಬೇಕಿತ್ತು. ರಾತ್ರಿಯ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಮದರಾಸು, ನಸುಕಿಗೆ ಮುಂಚೆ ಅಣ್ಣಾಸಾಲೈಯ ಜೆಮಿನಿ ವೃತ್ತದ ಬಳಿಯ ಕಾಲುದಾರಿಯ ಮೇಲೆ ಸರದಿ. ಆ ಸಾಲಿನಲ್ಲಿ ತೆಲುಗು, ತಮಿಳು, ಮಲಯಾಳ, ಕನ್ನಡಗಳು ಬೆರೆತಿದ್ದರೂ ಎಲ್ಲರ ಬಗಲಲ್ಲೂ ಒಂದೇ ಬಗೆಯ ಕಡತ: ವಿಶ್ವವಿದ್ಯಾಲಯ ಕಳಿಸಿದ ಐ-20 ಎಂಬ ಅರ್ಹತಾಪತ್ರ, ಅಂಕಪಟ್ಟಿಗಳು, ತಂದೆಯ ಸಂಬಳದ ಚೀಟಿ, ಮನೆಪಟ್ಟಿಯ ರಸೀದಿ, ಲೆಕ್ಕಪರಿಶೋಧಕರು ಕಟ್ಟಿಕೊಟ್ಟ ಆಸ್ತಿಯ ಮೌಲ್ಯಪತ್ರ. ಇವೆಲ್ಲ ಬೇಕಾಗುತ್ತಿದ್ದುದು ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಎಂಬ ಕಲಮಿನಿಂದಾಗಿ. ತಾತ್ಕಾಲಿಕ ವೀಸಾ ಕೇಳುವ ಬಹುತೇಕ ಎಲ್ಲರನ್ನೂ ಅದು ಮೊದಲಿಗೆ ವಲಸೆಗಾರರೆಂದೇ ಭಾವಿಸಿ, ಹಾಗಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು ಅರ್ಜಿದಾರರ ಮೇಲೆಯೇ ಹೊರಿಸುತ್ತದೆ. ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬ ನ್ಯಾಯಸೂತ್ರವನ್ನು ಓದಿಕೊಂಡು ಬೆಳೆದವರಿಗೆ ಇದು ತಲೆಕೆಳಗಾದ ನ್ಯಾಯವೆನಿಸಿದರೂ, ಗಾಜಿನ ಕಿಂಡಿಯ ಮುಂದೆ ವಾದಕ್ಕೆ ಅವಕಾಶವಿರಲಿಲ್ಲ.

ಓದು ಮುಗಿದ ಮೇಲೆ ಏನು ಮಾಡುವೆ ಎಂಬ ಪ್ರಶ್ನೆಗೆ, ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡುವೆನೆಂದು ಲೇಖಕಿ ಉತ್ತರಿಸಿದಳು. ಆ ಉತ್ತರ ಸುಳ್ಳಾಗಿರಲಿಲ್ಲ, ಆದರೆ ನಿಜವೆಂದು ಹೇಳುವಷ್ಟು ಅನುಭವವೂ ಇಪ್ಪತ್ಮೂರರ ವಯಸ್ಸಿಗೆ ಇರಲಿಲ್ಲ. ಇನ್ನೂ ನೋಡದ ದೇಶವನ್ನು ಬಿಟ್ಟುಬರುವ ಬಗ್ಗೆ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಪ್ರಶ್ನೆ ಕೇಳುವ ಅಧಿಕಾರಿಗೂ ಇದು ತಿಳಿದಿರುತ್ತದೆ, ಉತ್ತರಿಸುವವರಿಗೂ ತಿಳಿದಿರುತ್ತದೆ. ಸಾಲಿನಲ್ಲಿದ್ದವರು ಒಬ್ಬರಿಗೊಬ್ಬರು ಈ ಉತ್ತರವನ್ನು ಒಪ್ಪಿಸಿ ಅಭ್ಯಾಸ ಮಾಡುತ್ತಿದ್ದುದನ್ನು ನೆನೆದರೆ, ಅಲ್ಲಿ ಅಳೆಯುತ್ತಿದ್ದುದು ಮರಳುವ ಸಂಕಲ್ಪವನ್ನಲ್ಲ, ಹಿಂದೆ ಬಿಟ್ಟುಹೋಗುವ ಆಸ್ತಿಯ ತೂಕವನ್ನು ಎಂಬುದು ಸ್ಪಷ್ಟವಾಗುತ್ತದೆ. ಹೊಲವಿದ್ದವರ ಮಾತಿಗೆ ಹೊಲವಿಲ್ಲದವರ ಮಾತಿಗಿಂತ ಹೆಚ್ಚು ಬೆಲೆಯಿತ್ತು; ಅದೇ ಸಾಲಿನಲ್ಲಿ, ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದ, ಬಾಡಿಗೆ ಮನೆಯವರ ಮಗನೊಬ್ಬ ಬರಿಗೈಯಲ್ಲಿ ಹೊರಬಂದದ್ದನ್ನು ಲೇಖಕಿ ಕಂಡಿದ್ದಳು.

ಮೂರನೆಯ ಭರವಸೆ ಮನೆಯದು, ಮತ್ತು ಅದನ್ನು ಯಾರೂ ಕಾಗದದ ಮೇಲೆ ಬರೆಸಿಕೊಳ್ಳಲಿಲ್ಲ. ಅಮೆರಿಕದ ಶೈಕ್ಷಣಿಕ ವರ್ಷ ಆಗಸ್ಟ್ ಕೊನೆಯಲ್ಲಿ ಆರಂಭವಾಗುವುದರಿಂದ ಹೊರಡುವ ಕಾಲ ಆಷಾಢ ಅಥವಾ ಶ್ರಾವಣದಲ್ಲಿ ಬೀಳುತ್ತಿತ್ತು. ಆಷಾಢದಲ್ಲಿ ಶುಭಕಾರ್ಯವಿಲ್ಲವೆಂಬ ಕಾರಣಕ್ಕೆ ಶ್ರಾವಣವೇ ನಿಶ್ಚಯವಾಯಿತು, ಆದರೆ ಉತ್ತರ ಕರ್ನಾಟಕದಲ್ಲಿ ಶ್ರಾವಣವೆಂದರೆ ನಾಗರ ಪಂಚಮಿಗೆ ಗಂಡನ ಮನೆಯ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ತವರಿಗೆ ಕರೆತರುವ ತಿಂಗಳು. ಓಣಿಯ ಮನೆಮನೆಗೂ ಮಗಳಂದಿರು ಬಂದು ಜೋಕಾಲಿ ಕಟ್ಟಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಒಂದು ಮನೆಯಲ್ಲಿ ಮದುವೆಯಾಗದ ಮಗಳನ್ನು ಹೊರಡಿಸುವ ಸಡಗರ ನಡೆದಿತ್ತು. ಪಂಚಮಿಗೆಂದು ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿಗಳೇ ಡಬ್ಬಿ ಸೇರಿದವು; ಅವುಗಳ ಜೊತೆಗೆ ಗುರೆಳ್ಳು ಚಟ್ನಿ, ಸಾರಿನ ಪುಡಿ, ಮಾವಿನ ಉಪ್ಪಿನಕಾಯಿ, ತಿಂಗಳುಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿ, ಧಾರವಾಡದ ಪೇಡೆ. ಅಮೆರಿಕಕ್ಕೆ ಹೋಗುವ ಪ್ರಯಾಣಿಕರಿಗೆ ತಲಾ 32 ಕಿಲೋ ತೂಕದ ಎರಡು ಪೆಟ್ಟಿಗೆಗಳ ಅನುಮತಿ ಇದ್ದುದರಿಂದ, ಕಿರಾಣಿ ಅಂಗಡಿಯ ತಕ್ಕಡಿಯನ್ನೇ ಮನೆಗೆ ತರಿಸಲಾಗಿತ್ತು. ಮೂರು ಲೀಟರಿನ ಪ್ರೆಷರ್ ಕುಕ್ಕರಿನ ಒಳಗೆ ತೊಗರಿಬೇಳೆ ತುಂಬಿ, ಬೇಳೆಯ ನಡುವೆ ಗಾಸ್ಕೆಟ್ಟನ್ನು ಹುದುಗಿಸಿ ಜಾಗ ಉಳಿಸುವ ಜಾಣ್ಮೆ ಆ ಕಾಲದ ತಾಯಂದಿರಿಗೆ ಯಾರೂ ಹೇಳಿಕೊಡದೆ ಬಂದಿತ್ತು. ರಸಾಯನಶಾಸ್ತ್ರದ ದಪ್ಪ ಪುಸ್ತಕಗಳನ್ನು ಹೊರಗೆ ತೆಗೆಯಬೇಕೇ, ರೊಟ್ಟಿಯನ್ನು ತೆಗೆಯಬೇಕೇ ಎಂಬ ಪ್ರಶ್ನೆ ಎದ್ದಾಗ ತೀರ್ಮಾನ ರೊಟ್ಟಿಯ ಪರವಾಗಿಯೇ ಆಯಿತು.

ಪಂಚಾಂಗದ ಒಳ್ಳೆಯ ದಿನಕ್ಕೂ ವಿಮಾನದ ದಿನಕ್ಕೂ ಹೊಂದಿಕೆಯಾಗದಿದ್ದಾಗ ಪ್ರಸ್ಥಾನ ಇಡುವ ಪದ್ಧತಿ ನೆರವಿಗೆ ಬರುತ್ತಿತ್ತು. ಹೊರಡುವವರ ಒಂದು ವಸ್ತುವನ್ನು ಶುಭ ಮುಹೂರ್ತದಲ್ಲಿ ನೆರೆಮನೆಯಲ್ಲಿ ಇರಿಸಿದರೆ ಪ್ರಯಾಣ ಆಗಲೇ ಆರಂಭವಾದಂತೆ ಎಂಬುದು ಇದರ ತರ್ಕ. ನಿಜವಾದ ಹೊರಡುವಿಕೆ ಯಾವ ಗಳಿಗೆಯಲ್ಲಾದರೂ ದೋಷವಿಲ್ಲ. ಲೇಖಕಿಯ ಒಂದು ಪೆಟ್ಟಿಗೆ ಹೀಗೆ ಎದುರು ಮನೆಯ ಪಡಸಾಲೆಯಲ್ಲಿ ಎರಡು ರಾತ್ರಿ ಕಳೆಯಿತು. ಹೊರಡುವ ದಿನ ನೆರೆಹೊರೆಯ ಮುತ್ತೈದೆಯರು ಉಡಿ ತುಂಬಿದರು. ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆಗಳನ್ನು ಸೆರಗಿನಲ್ಲಿ ತುಂಬುವ ಈ ಆಚಾರ ಮಗಳು ಗಂಡನ ಮನೆಗೆ ಹೋಗುವಾಗ ನಡೆಯುವಂಥದ್ದು; ಓದಲು ಹೋಗುವ ಅವಿವಾಹಿತೆಗೆ ಏನು ಮಾಡಬೇಕೆಂಬ ಶಾಸ್ತ್ರ ಯಾರಿಗೂ ಗೊತ್ತಿರದ ಕಾರಣ, ಇದ್ದ ಶಾಸ್ತ್ರವನ್ನೇ ಹಿರಿಯ ಹೆಂಗಸರು ಹಿಗ್ಗಿಸಿಕೊಂಡರು. ಆಗ ಲೇಖಕಿಯ ತಾಯಿ ಆಡಿದ ಮಾತು ಇಷ್ಟೇ: “ಎರಡ ವರ್ಷ ಅಂದ್ರ ಎರಡ ವರ್ಷ ನೋಡವಾ. ಮುಂದಿನ ಪಂಚಮಿ ಬಿಟ್ಟು ಅದರ ಮುಂದಿನ ಪಂಚಮಿಗೆ ನೀ ಇಲ್ಲಿರಬೇಕು.” ಮಗಳು ಹೂಂ ಎಂದಳು. ಸಾಲದ ಕರಾರಿನಲ್ಲಿ ಸಾಕ್ಷಿಗಳ ಸಹಿಯಿತ್ತು, ವೀಸಾದ ಮೇಲೆ ಮೊಹರಿತ್ತು. ಈ ಹೂಂಕಾರಕ್ಕೆ ಎರಡೂ ಇರಲಿಲ್ಲ.

ಬೆಂಗಳೂರಿನಿಂದ ಅಮೆರಿಕದತ್ತ ವಿಮಾನಗಳಿಲ್ಲದ ಆ ಕಾಲದಲ್ಲಿ ಧಾರವಾಡದವರಿಗೆ ಬೊಂಬಾಯಿಯೇ ಹೆಬ್ಬಾಗಿಲು. ಹುಬ್ಬಳ್ಳಿ-ಮೀರಜ್ ಮಾರ್ಗ ಇನ್ನೂ ಮೀಟರ್ ಗೇಜ್ ಆಗಿತ್ತು, ಅಂದರೆ ಹಳಿಗಳ ನಡುವೆ ಒಂದೇ ಮೀಟರ್ ಅಂತರವಿತ್ತು. ಮೀರಜ್‌ನಿಂದ ಆಚೆಗೆ ಅಗಲ ಹಳಿ ಆರಂಭವಾಗುತ್ತಿದ್ದುದರಿಂದ ಅಲ್ಲಿ ಎಲ್ಲರೂ ಇಳಿದು, ಹಮಾಲರಿಂದ ಸಾಮಾನು ಹೊರಿಸಿ ಇನ್ನೊಂದು ರೈಲು ಹತ್ತಬೇಕು. ಕಳಿಸಲು ಬಂದವರ ಗುಂಪು ಪ್ರತಿ ನಿಲ್ದಾಣದಲ್ಲೂ ಕರಗುತ್ತಿತ್ತು: ಧಾರವಾಡದ ನಿಲ್ದಾಣಕ್ಕೆ ಇಡೀ ಓಣಿ, ಬೆಳಗಾವಿಯವರೆಗೆ ಚಿಕ್ಕಪ್ಪನ ಮಕ್ಕಳು, ಬೊಂಬಾಯಿಯವರೆಗೆ ತಂದೆ ಮತ್ತು ಸೋದರಮಾವ. ದಾರಿಯುದ್ದಕ್ಕೂ ಯಾರೂ ಹೆಸರಿಸದ ಒಂದು ಭಯವೂ ಜೊತೆಗಿತ್ತು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ತೀರದಾಚೆ ಬಾಂಬಿಗೆ ಸಿಕ್ಕಿ ಅದರಲ್ಲಿದ್ದ 329 ಮಂದಿಯೂ ಸತ್ತಿದ್ದರು. 1986ರ ಸೆಪ್ಟೆಂಬರ್ 5ರಂದು ಬೊಂಬಾಯಿಯಿಂದ ನ್ಯೂಯಾರ್ಕಿಗೆ ಹೊರಟಿದ್ದ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ಅಪಹರಣಕಾರರು ಹಿಡಿದಾಗ, ಪ್ರಯಾಣಿಕರನ್ನು ಉಳಿಸಲು ಹೋದ ಗಗನಸಖಿ ನೀರಜಾ ಭಾನೋಟ್ ಪ್ರಾಣ ಕೊಟ್ಟಿದ್ದರು. ಕನಿಷ್ಕವನ್ನು ಉರುಳಿಸಿದ ಬಾಂಬು ವಿಮಾನವೇರದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಬಂದಿತ್ತು. ಸಾಮಾನು ಮತ್ತು ಅದರ ಒಡೆಯರು ಒಂದೇ ವಿಮಾನದಲ್ಲಿದ್ದಾರೆಯೇ ಎಂದು ತಾಳೆ ನೋಡುವ ಕಟ್ಟುನಿಟ್ಟು ಲೋಕದ ವಿಮಾನಯಾನದಲ್ಲಿ ಬಲಗೊಂಡದ್ದು ಆ ದುರಂತದ ನಂತರ.

ಸಹಾರ್ ವಿಮಾನ ನಿಲ್ದಾಣದಲ್ಲಿ ಮಧ್ಯರಾತ್ರಿಯೇ ಜನಜಂಗುಳಿಯ ಹೊತ್ತು. ಗಾಜಿನ ಬಾಗಿಲಿನವರೆಗೆ ಬಂದ ತಂದೆ ಕೊನೆಯದಾಗಿ ಕೊಟ್ಟದ್ದು ಹಣವನ್ನಲ್ಲ, ಕಾಗದಪತ್ರಗಳ ಚೀಲವನ್ನು. ಅಲ್ಲಿಯವರೆಗೆ, ಮದರಾಸಿನ ಕಿಂಡಿಯೊಂದನ್ನು ಬಿಟ್ಟರೆ, ಎಲ್ಲ ಕಡೆ ಆ ಚೀಲ ಅವರ ಕೈಯಲ್ಲೇ ಇತ್ತು. ಒಳಗೆ ಲೇಖಕಿ ತುಂಬಬೇಕಾಗಿ ಬಂದ ಮೊದಲ ಕಾಗದವೆಂದರೆ ದೇಶ ಬಿಡುವವರ ವಿವರಗಳ ಚೀಟಿ, ಭಾರತೀಯರ ಮಟ್ಟಿಗೆ 2017ರ ಜುಲೈನಲ್ಲಿ ರದ್ದಾದ ನಿರ್ಗಮನ ಪತ್ರ. ಪ್ರಯಾಣದ ಉದ್ದೇಶ, ಹೋಗುವ ದೇಶ, ಭಾರತದಲ್ಲಿನ ವಿಳಾಸ ಎಂಬ ಕಲಮುಗಳನ್ನು ಯಾರನ್ನೂ ಕೇಳದೆ ತುಂಬಿ, ಅಭ್ಯಾಸ ಮಾಡಿದ್ದ ಸಹಿಯನ್ನು ಹಾಕಿ, ಅಧಿಕಾರಿ ಮೊಹರು ಒತ್ತಿದ ಪಾಸ್‌ಪೋರ್ಟನ್ನು ತಾನೇ ಎತ್ತಿ ಚೀಲಕ್ಕೆ ಸೇರಿಸಿಕೊಂಡ ಮೇಲೆ ಹಿಂದಿರುಗಿ ನೋಡಿದರೆ ಬಾಗಿಲು ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ನಡೆದ ಸಿದ್ಧತೆಯಲ್ಲಿ ಅನೇಕರ ಕೈಯಿದ್ದುದರಿಂದ, ಒಬ್ಬಂಟಿತನ ಆರಂಭವಾದದ್ದು ನಿಖರವಾಗಿ ಆ ಮೇಜಿನಾಚೆ ಎನ್ನಬಹುದು. ಲಂಡನ್ ಮಾರ್ಗವಾಗಿ ನ್ಯೂಯಾರ್ಕ್ ತಲುಪಿದಾಗ ಅಲ್ಲಿನ ವಲಸೆ ಅಧಿಕಾರಿ ಪಾಸ್‌ಪೋರ್ಟಿಗೆ ಐ-94 ಎಂಬ ಬಿಳಿ ಚೀಟಿಯನ್ನು ಸೇರಿಸಿ, ಅದರ ಮೇಲೆ ವಾಸದ ಕೊನೆಯ ದಿನಾಂಕದ ಬದಲು ಡಿ/ಎಸ್ ಎಂಬ ಎರಡು ಅಕ್ಷರ ಬರೆದ. ವಿದ್ಯಾರ್ಥಿಯ ಸ್ಥಾನಮಾನ ಇರುವವರೆಗೂ ಇರಬಹುದೆಂಬುದು ಅದರ ಅರ್ಥ. ಮರಳುತ್ತೇನೆಂಬುದಕ್ಕೆ ಮದರಾಸಿನಲ್ಲಿ ಅಷ್ಟು ಕಾಗದ ಕೇಳಿದ ಅದೇ ದೇಶ, ಬಾಗಿಲೊಳಗೆ ಬಂದ ಮೇಲೆ ಮರಳುವ ದಿನವನ್ನೇ ಕೇಳಲಿಲ್ಲ.

ಮೂರು ಭರವಸೆಗಳು ಮುಂದೆ ಏನಾದುವೆಂಬುದನ್ನು ನೋಡಿದರೆ ಅವುಗಳ ಸ್ವರೂಪ ತಿಳಿಯುತ್ತದೆ. ಸಾಲದ ಕರಾರಿನಲ್ಲಿ ಮೊತ್ತವೂ ಗಡುವೂ ಇದ್ದುದರಿಂದ ಅದು ಪೂರ್ತಿಯಾಗಿ ತೀರಿತು, ಸೋದರಮಾವನ ಹೊಲದ ಉತಾರ ಕಲೆಯಿಲ್ಲದೆ ಮರಳಿತು. ದೂತಾವಾಸಕ್ಕೆ ಕೊಟ್ಟ ಮಾತನ್ನು ಯಾರೂ ಮತ್ತೆ ಪ್ರಸ್ತಾಪಿಸಲೇ ಇಲ್ಲ. ತಾಯಿಗೆ ಕೊಟ್ಟ ಗಡುವು ಮಾತ್ರ ಪಂಚಮಿಯಿಂದ ಪಂಚಮಿಗೆ ಮುಂದಕ್ಕೆ ಹೋಯಿತು. ಎರಡು ವರ್ಷದ ಪದವಿಯ ನಂತರ ಡಾಕ್ಟರೇಟ್, ಅದರ ನಂತರ ಸಂಶೋಧನೆಯ ಕೆಲಸ, ಹೀಗೆ. ಕಡೆಗೆ 1990ರ ದಶಕದ ಕೊನೆಯಲ್ಲಿ ಲೇಖಕಿ ಕರ್ನಾಟಕಕ್ಕೆ ಮರಳಿ ಅಧ್ಯಾಪಕಿಯಾದದ್ದು ಕೊಟ್ಟ ಮಾತಿಗಾಗಿ ಅಲ್ಲ, ಮಾಡಬೇಕೆನಿಸಿದ ಕೆಲಸ ಇಲ್ಲಿ ಇದ್ದುದರಿಂದ. ಆಕೆಯೊಡನೆ ಮದರಾಸಿನ ಸಾಲಿನಲ್ಲಿ ಅದೇ ಉತ್ತರ ಕೊಟ್ಟ ಹಲವರು ಅಲ್ಲಿಯೇ ನೆಲೆಸಿದ್ದಾರೆ, ಅವರೂ ಮಾತು ತಪ್ಪಬೇಕೆಂದು ಹೊರಟವರಲ್ಲ. ಹೋಗುವ ಮುನ್ನ ಕೊಟ್ಟ ಮಾತು ಹೋದವರನ್ನು ಮರಳಿಸುವುದಿಲ್ಲ, ಮರಳದವರಿಗೆ ತಪ್ಪಿತಸ್ಥ ಭಾವವನ್ನಷ್ಟೇ ಉಳಿಸುತ್ತದೆ ಎಂಬುದು ಆ ತಲೆಮಾರಿನ ಅನುಭವದಿಂದ ಕಾಣುವ ಸತ್ಯ.

ಇಂದು ಹೊರಡುವಿಕೆಯ ಹೊರರೂಪ ಗುರುತು ಸಿಗದಷ್ಟು ಬದಲಾಗಿದೆ. 1973ರ ವಿನಿಮಯ ಕಾಯ್ದೆಯ ಜಾಗದಲ್ಲಿ ಮೃದುವಾದ ಹೊಸ ಕಾಯ್ದೆ 2000ದ ಜೂನ್‌ನಿಂದ ಜಾರಿಯಲ್ಲಿದೆ. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಕಳಿಸಲು ಅವಕಾಶ ಕೊಟ್ಟ ರಿಸರ್ವ್ ಬ್ಯಾಂಕಿನ ಯೋಜನೆಯ ಮಿತಿ ಈಗ 2,50,000 ಡಾಲರಿಗೆ ಏರಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು, 2021ರ ಜನವರಿಯಲ್ಲಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ತಡೆರಹಿತ ವಿಮಾನವೂ ಆರಂಭವಾಯಿತು. ಬದಲಾಗದೆ ಉಳಿದಿರುವುದು 214(ಬಿ) ಕಲಮು, ಮತ್ತು ಮನೆಯ ಪಡಸಾಲೆಯಲ್ಲಿ ಕೇಳುವ ಆ ಮಾತು. ಕಲಮನ್ನು ಬದಲಿಸುವುದು ಇಲ್ಲಿನವರ ಕೈಯಲ್ಲಿಲ್ಲ, ಮನೆಯ ಮಾತು ಮಾತ್ರ ಇದೆ. ಮಗಳನ್ನೋ ಮಗನನ್ನೋ ಒಬ್ಬಂಟಿಯಾಗಿ ಕಳಿಸುವ ತಂದೆತಾಯಿಗಳು ಕಾಗದಪತ್ರಗಳ ಚೀಲವನ್ನು ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಕೊಡುವ ಬದಲು ಅರ್ಜಿ ಹಾಕುವ ಮೊದಲ ದಿನವೇ ಅವರ ಕೈಗೆ ಕೊಡಲಿ. ಬ್ಯಾಂಕಿನ ಸಾಲಿನಲ್ಲಿ, ಕಚೇರಿಯ ಮೇಜಿನ ಮುಂದೆ ಅವರೇ ನಿಲ್ಲಲಿ, ಸಾಲಕ್ಕೆ ಯಾರ ಯಾರ ಆಸ್ತಿ ಒತ್ತೆಯಾಗಿದೆ ಎಂಬುದನ್ನೂ ಅವರು ಓದಿ ತಿಳಿಯಲಿ. ಮರಳುವ ಗಡುವನ್ನು ಮಾತ್ರ ಕೇಳದಿರಲಿ.